ಪ್ಲಾಸ್ಟರಿನಲ್ಲಿ ಉಳಿದ ಗ್ರೀಸ್: ಉಬ್ಬುಶಿಲ್ಪದ ಪಡಿಯಚ್ಚಿಗೆ ಬೆಲೆ ಕಟ್ಟುವುದು ಹೇಗೆ?

ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಒಳಗೋಡೆಯ ನೆತ್ತಿಯನ್ನು ಸುತ್ತುವರಿದಿದ್ದ ಉಬ್ಬುಶಿಲ್ಪದ ಪಟ್ಟಿಕೆ 160 ಮೀಟರ್ ಉದ್ದವಿತ್ತು, ಎತ್ತರ ಸುಮಾರು ಒಂದು ಮೀಟರ್. ಕ್ರಿ.ಪೂ. 442ರಿಂದ 438ರ ಸುಮಾರಿಗೆ ಕಡೆದ ಆ ಮೆರವಣಿಗೆಯಲ್ಲಿ ಮನುಷ್ಯರೂ ದೇವತೆಗಳೂ ಸೇರಿ 378 ಆಕೃತಿಗಳು, 245 ಪ್ರಾಣಿಗಳು. ಇಂದು ಅದರ 80 ಮೀಟರ್ ಲಂಡನ್ನಿನಲ್ಲಿದೆ, 50 ಮೀಟರ್ ಅಥೆನ್ಸಿನಲ್ಲಿದೆ, ಒಂದು ಫಲಕ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಮಿಕ್ಕಿದ್ದು ಚೂರುಗಳಾಗಿ ಚದುರಿದೆ ಅಥವಾ ನಾಶವಾಗಿದೆ. ಕುದುರೆ ಒಂದೂರಿನಲ್ಲಿ, ಸವಾರ ಇನ್ನೊಂದೂರಿನಲ್ಲಿ ಎಂಬಂತಾದ ಈ ಶಿಲ್ಪವನ್ನು ಮತ್ತೆ ಒಂದೆಡೆ ಕೂಡಿಸಿ ನೋಡಲು ಸಾಧ್ಯವಾಗಿದ್ದು ಅಮೃತಶಿಲೆಯಲ್ಲಲ್ಲ, ಪ್ಲಾಸ್ಟರಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಎರ್ನ್ಸ್ಟ್ ಬರ್ಗರ್ ಎಂಬ ವಿದ್ವಾಂಸರು ಪಾರ್ಥೆನಾನ್ ಶಿಲ್ಪಗಳ ಗೊತ್ತಿರುವ ಚೂರುಗಳಿಗೆಲ್ಲ ಪಡಿಯಚ್ಚು ತರಿಸಿ ಜೋಡಿಸಿದರು. 1982ರಲ್ಲಿ ಅದೇ ಊರಿನಲ್ಲಿ ಜಗತ್ತಿನ ಪಾರ್ಥೆನಾನ್ ತಜ್ಞರು ಸಭೆ ಸೇರಿದರು.

ಇದೇ ಪ್ಲಾಸ್ಟರ್ ಪಡಿಯಚ್ಚುಗಳನ್ನು ಬೇರೆ ಹಲವೆಡೆ ನೆಲಮಾಳಿಗೆಗೆ ತಳ್ಳಿದ್ದಾರೆ, ಹರಾಜು ಹಾಕಿದ್ದಾರೆ, ಒಡೆದು ಹಾಕಿದ್ದಾರೆ. ಒಂದು ಪೀಳಿಗೆಗೆ ವಿದ್ಯೆಯ ಬುನಾದಿಯಾಗಿದ್ದದ್ದು ಇನ್ನೊಂದಕ್ಕೆ ಜಾಗ ತಿನ್ನುವ ಹೊರೆಯಾಯಿತು. ಮೂರನೆಯ ಪೀಳಿಗೆ ಅದನ್ನೇ ಅಪರೂಪದ ದಾಖಲೆ ಎಂದು ದೂಳು ಕೊಡವಿ ಮೇಲೆತ್ತುತ್ತಿದೆ. ಹಾಗಾದರೆ ಗ್ರೀಕ್ ಉಬ್ಬುಶಿಲ್ಪದ ಪಡಿಯಚ್ಚು ಏನು? ಪಾಠದ ಸಾಧನವೇ, ಬರಿಯ ನಕಲೇ, ಸಾಕ್ಷಿಯೇ, ಅಥವಾ ತಾನೇ ಒಂದು ಮೂಲವಸ್ತುವೇ? ಎರಡೂವರೆ ಶತಮಾನಗಳಿಂದ ನಡೆದಿರುವ ಈ ಚರ್ಚೆಯ ಮುಖ್ಯ ನಿಲುವುಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಅಚ್ಚು ತೆಗೆಯುವ ಕೆಲಸ

ಕೆಲಸದ ಬಗೆ ತಿಳಿಯದೆ ವಾದ ಅರ್ಥವಾಗದು. ಜಿಪ್ಸಂ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರ ಹರಳಿನಲ್ಲಿ ಅಡಗಿದ್ದ ನೀರಿನ ಮುಕ್ಕಾಲು ಪಾಲು ಆವಿಯಾಗಿ ಬಿಳಿ ಪುಡಿ ಉಳಿಯುತ್ತದೆ. ಆ ಪುಡಿಗೆ ನೀರು ಬೆರೆಸಿದರೆ ನಿಮಿಷಗಳಲ್ಲಿ ಮತ್ತೆ ಜಿಪ್ಸಂ ಆಗಿ ಗಟ್ಟಿಯಾಗುತ್ತದೆ. ಪ್ಯಾರಿಸ್ಸಿನ ಗುಡ್ಡಗಳಲ್ಲಿ ಜಿಪ್ಸಂ ಹೇರಳವಾಗಿದ್ದುದರಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಹೆಸರು ಬಂತು. ಗಣೇಶನ ಮೂರ್ತಿಗಳ ದೆಸೆಯಿಂದ ‘ಪಿಒಪಿ’ ಎಂದು ಕರ್ನಾಟಕದ ಮನೆಮನೆಗೂ ಗೊತ್ತಿರುವ ವಸ್ತು ಇದೇ. ಗಟ್ಟಿಯಾಗುವಾಗ ಇದು ತುಸು ಹಿಗ್ಗುತ್ತದೆ. ಹಾಗಾಗಿ ಅಚ್ಚಿನ ಕೂದಲೆಳೆಯ ಗೆರೆಯೊಳಕ್ಕೂ ಹೋಗಿ ಕೂರುತ್ತದೆ.

ಮೂಲ ಶಿಲ್ಪದ ಮೇಲೆ ಎಣ್ಣೆ ಅಥವಾ ಸಾಬೂನು ಸವರಿ, ಮೇಲೆ ಪ್ಲಾಸ್ಟರ್ ಹಾಕಿ, ಒಣಗಿದ ಮೇಲೆ ಬಿಡಿಸಿದರೆ ಅಚ್ಚು ಸಿಗುತ್ತದೆ. ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಹೊಯ್ದರೆ ಪಡಿಯಚ್ಚು. ಸುತ್ತಲೂ ಕಡೆದ ವಿಗ್ರಹವಾದರೆ ಕೈಕಾಲುಗಳ ಸಂದಿ, ಬಟ್ಟೆಯ ಮಡಿಕೆಗಳ ಒಳಗಡೆ ಅಚ್ಚು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಹತ್ತಾರು ಸಣ್ಣ ತುಂಡುಗಳಲ್ಲಿ ಅಚ್ಚು ತೆಗೆದು ಹೊರಗಿನಿಂದ ಒಂದು ಕವಚ ಕಟ್ಟಬೇಕು. ಉಬ್ಬುಶಿಲ್ಪಕ್ಕೆ ಬೆನ್ನಿಲ್ಲ. ಒಂದೇ ಮುಖ, ಕಡಿಮೆ ಆಳ. ಕೆಲಸ ಹಗುರ, ಖರ್ಚು ಕಡಿಮೆ, ಸಾಗಿಸಲು ಸುಲಭ, ಗೋಡೆಗೆ ತೂಗುಹಾಕಲೂ ಸುಲಭ. ವಿಶ್ವವಿದ್ಯಾಲಯಗಳ ಸಂಗ್ರಹಗಳಲ್ಲಿ ಪಾರ್ಥೆನಾನಿನ ಕುದುರೆ ಸವಾರರೂ ಅಥೆನ್ಸಿನ ಸಮಾಧಿಫಲಕಗಳೂ ಅಷ್ಟೊಂದು ಕಾಣಿಸುವುದಕ್ಕೆ ಇದೂ ಒಂದು ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಗುವ ಜೆಲಟಿನ್ ಅಚ್ಚು ಬಂತು, ಇಪ್ಪತ್ತನೆಯದರಲ್ಲಿ ಸಿಲಿಕೋನ್ ರಬ್ಬರ್. ಈಗ ಕಲ್ಲನ್ನು ಮುಟ್ಟದೆಯೇ ಬೆಳಕಿನಿಂದ ಅಳೆಯುವ ತ್ರಿಆಯಾಮದ ಸ್ಕ್ಯಾನ್ ಇದೆ.

ಉಬ್ಬುಶಿಲ್ಪಕ್ಕೆ ಇನ್ನೊಂದು ಗುಣವಿದೆ: ಅದು ಬೆಳಕನ್ನು ನಂಬಿ ಬದುಕುವ ಶಿಲ್ಪ. ಪಾರ್ಥೆನಾನ್ ಪಟ್ಟಿಕೆಯ ಉಬ್ಬು ಹೆಚ್ಚೆಂದರೆ ಐದಾರು ಸೆಂಟಿಮೀಟರ್. ನೆಲದಿಂದ ಸುಮಾರು 12 ಮೀಟರ್ ಮೇಲಿದ್ದುದರಿಂದ, ಕೆಳಗೆ ನಿಂತವರಿಗೆ ಕಾಣಲೆಂದು ಶಿಲ್ಪಿಗಳು ಮೇಲಂಚಿನ ಕಡೆ ಹೆಚ್ಚು ಆಳವಾಗಿ ಕಡೆದರು. ಪಡಿಯಚ್ಚಿನ ಕೋಣೆಯಲ್ಲಿ ದೀಪವನ್ನು ಪಕ್ಕಕ್ಕೆ ಸರಿಸಿ, ಮೇಲಕ್ಕೆತ್ತಿ, ಕೆಳಗಿಳಿಸಿ ಈ ಲೆಕ್ಕಾಚಾರವನ್ನು ಪರೀಕ್ಷಿಸಬಹುದು. ಆದರೆ ಬೆಳಕಿಗೆ ಪ್ಲಾಸ್ಟರ್ ಉತ್ತರಿಸುವ ಬಗೆ ಬೇರೆ. ಅಮೃತಶಿಲೆ ಬೆಳಕನ್ನು ತುಸು ಒಳಗೆ ಬಿಟ್ಟುಕೊಂಡು ಮೃದುವಾಗಿ ಹೊಳೆಯುತ್ತದೆ. ಪ್ಲಾಸ್ಟರ್ ಅದನ್ನು ಮೇಲ್ಮೈಯಲ್ಲೇ ತಡೆದು ಹಿಂದಕ್ಕೆ ಕಳಿಸುತ್ತದೆ. ಆಕಾರ ಅದೇ, ಮೈ ಬೇರೆ. ಮುಂದಿನ ಎಲ್ಲ ವಾದಗಳ ಬೇರು ಇಲ್ಲಿದೆ.

ಎರಡು ಸಾವಿರ ವರ್ಷಗಳ ನಡೆ

ಪಡಿಯಚ್ಚು ಯುರೋಪಿನ ಆಧುನಿಕರ ಕಲ್ಪನೆಯಲ್ಲ. ಸಿಕಿಯೋನ್ ಊರಿನ ಲಿಸಿಸ್ಟ್ರಾಟಸ್, ಅಂದರೆ ಪ್ರಸಿದ್ಧ ಶಿಲ್ಪಿ ಲಿಸಿಪ್ಪಸ್‌ನ ಸೋದರ, ಮನುಷ್ಯನ ಮುಖದ ಮೇಲೆಯೇ ಪ್ಲಾಸ್ಟರ್ ಅಚ್ಚು ತೆಗೆದ ಮೊದಲಿಗ ಎಂದು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲಿ ಬರೆದಿದ್ದಾನೆ. ಇಟಲಿಯ ಬೈಯಾ ಎಂಬಲ್ಲಿ 1950ರ ದಶಕದಲ್ಲಿ ಪ್ರಾಚೀನ ಪ್ಲಾಸ್ಟರ್ ಚೂರುಗಳ ರಾಶಿ ಸಿಕ್ಕಿತು. ಅವು ಗ್ರೀಕ್ ಕಂಚಿನ ವಿಗ್ರಹಗಳಿಂದ ತೆಗೆದ ಪಡಿಯಚ್ಚುಗಳು. ಅವನ್ನು ಮುಂದಿಟ್ಟುಕೊಂಡು ರೋಮನ್ ಶಿಲ್ಪಿಗಳು ಅಮೃತಶಿಲೆಯ ಪ್ರತಿಗಳನ್ನು ಕಡೆಯುತ್ತಿದ್ದರು. ಅಫ್ಘಾನಿಸ್ತಾನದ ಬೆಗ್ರಾಮಿನಲ್ಲಿ 1930ರ ದಶಕದ ಕೊನೆಯಲ್ಲಿ ಫ್ರೆಂಚ್ ಉತ್ಖನನಕಾರರಿಗೆ ದುಂಡನೆಯ ಪ್ಲಾಸ್ಟರ್ ಬಿಲ್ಲೆಗಳು ದೊರೆತವು. ಮೆಡಿಟರೇನಿಯನ್ ಕಡೆಯ ಲೋಹದ ಪಾತ್ರೆಗಳ ಉಬ್ಬುಚಿತ್ರಗಳಿಂದ ತೆಗೆದ ಅಚ್ಚುಗಳಿವು. ಗ್ರೀಕ್ ಉಬ್ಬುಶಿಲ್ಪದ ಆಕಾರಗಳು ಗಾಂಧಾರದ ಹೊಸ್ತಿಲವರೆಗೆ ಬಂದ ದಾರಿಗಳಲ್ಲಿ ಪ್ಲಾಸ್ಟರ್ ಕೂಡ ಒಂದು.

1540ರ ವೇಳೆಗೆ ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸ್‌ಗಾಗಿ ಕಲಾವಿದ ಪ್ರಿಮಾಟಿಚ್ಚೊ ರೋಮಿನ ಪ್ರಸಿದ್ಧ ವಿಗ್ರಹಗಳ ಅಚ್ಚು ತೆಗೆದ. 1666ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಫ್ರೆಂಚ್ ಅಕಾಡೆಮಿ ಇದನ್ನು ಕಲಾಶಿಕ್ಷಣದ ಕ್ರಮವನ್ನಾಗಿಸಿತು. ವಿಶ್ವವಿದ್ಯಾಲಯದ ಕಥೆ ಶುರುವಾಗುವುದು ಅದಕ್ಕೂ ನೂರು ವರ್ಷದ ಮೇಲೆ. 1767ರಲ್ಲಿ ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿ ಕ್ರಿಸ್ಟಿಯಾನ್ ಗಾಟ್‌ಲೋಬ್ ಹೈನೆ ಪಡಿಯಚ್ಚುಗಳನ್ನು ಕೊಳ್ಳಲು ಆರಂಭಿಸಿದರು. ವಿದ್ಯಾರ್ಥಿಗಳಿಗೆ ಪ್ರಾಚೀನ ಶಿಲ್ಪವನ್ನು ಪುಸ್ತಕದ ಕೆತ್ತನೆಚಿತ್ರದಲ್ಲಿ ತೋರಿಸಿದರೆ ಸಾಲದು, ಅದರ ನಿಜ ಅಳತೆಯಲ್ಲಿ ಮುಂದೆ ನಿಲ್ಲಿಸಬೇಕು ಎಂಬ ನಿರ್ಧಾರ ಅದು. ಬಾನ್‌ನಲ್ಲಿ 1819ರಿಂದ ವೆಲ್ಕರ್ ಅದನ್ನು ಮುಂದುವರಿಸಿದರು. ಬರ್ಲಿನ್ನಿನ ರಾಜ ಮ್ಯೂಸಿಯಂಗಳ ಅಚ್ಚುಮನೆ ಅದೇ 1819ರಲ್ಲಿ ಶುರುವಾಗಿ ಇಂದಿಗೂ ಕೆಲಸ ಮಾಡುತ್ತಿದೆ. 1869ರಲ್ಲಿ ಮ್ಯೂನಿಕ್‌ನಲ್ಲಿ ಹೈನ್‌ರಿಚ್ ಬ್ರುನ್, 1872ರಿಂದ ಸ್ಟ್ರಾಸ್‌ಬರ್ಗಿನಲ್ಲಿ ಅಡಾಲ್ಫ್ ಮೈಕೇಲಿಸ್ ಸಂಗ್ರಹಗಳನ್ನು ಕಟ್ಟಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1884ರಲ್ಲಿ ಪುರಾತತ್ತ್ವ ಮ್ಯೂಸಿಯಂ ತೆರೆದಾಗ ಅದರ ಜೀವಾಳ ಪಡಿಯಚ್ಚುಗಳೇ ಆಗಿದ್ದವು. ನಾನೂರಕ್ಕೂ ಮಿಕ್ಕ ಪಡಿಯಚ್ಚುಗಳು ಅಲ್ಲಿ ಇಂದಿಗೂ ಪಾಠಕ್ಕೆ ಬಳಕೆಯಲ್ಲಿವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 1890ರ ದಶಕದಲ್ಲಿ ನೂರಾರು ಪಡಿಯಚ್ಚುಗಳನ್ನು ಯುರೋಪಿನಿಂದ ತರಿಸಿಕೊಂಡಿತು.

1867ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದ ವೇಳೆ ಹೆನ್ರಿ ಕೋಲ್ ಅವರ ಪ್ರಯತ್ನದಿಂದ ಯುರೋಪಿನ ರಾಜಮನೆತನಗಳವರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು: ದೇಶದೇಶಗಳ ಮಹತ್ತ್ವದ ಕಲಾಕೃತಿಗಳ ಪ್ರತಿಗಳನ್ನು ಪರಸ್ಪರ ಹಂಚಿಕೊಳ್ಳಬೇಕು ಎಂದು. ಭಾರತವೂ ಈ ಜಾಲದೊಳಗೆ ಬಂತು. 1870ರ ಸುಮಾರಿಗೆ ಸಾಂಚಿಯ ಪೂರ್ವ ತೋರಣದ ಪಡಿಯಚ್ಚು ಲಂಡನ್ನಿಗೆ ಹೋಯಿತು. ಎದುರು ದಿಕ್ಕಿನಲ್ಲಿ, 1857ರಲ್ಲಿ ಆರಂಭವಾದ ಮುಂಬಯಿಯ ಜೆ.ಜೆ. ಕಲಾಶಾಲೆಯಂಥ ಕಡೆ ಭಾರತೀಯ ವಿದ್ಯಾರ್ಥಿಗಳು ಗ್ರೀಕ್ ಶಿಲ್ಪದ ಪ್ಲಾಸ್ಟರ್ ಪ್ರತಿಗಳನ್ನು ಮುಂದಿಟ್ಟುಕೊಂಡು ರೇಖಾಭ್ಯಾಸ ಮಾಡಿದರು.

ಮೊದಲ ನಿಲುವು: ಆದರ್ಶದ ಪಾಠ

ಎಲ್ಲಕ್ಕಿಂತ ಹಳೆಯ ನಿಲುವು ಇದು. ಗ್ರೀಕ್ ಶಿಲ್ಪದಲ್ಲಿ ಮನುಷ್ಯದೇಹದ ಪರಿಪೂರ್ಣ ಪ್ರಮಾಣ ಸಿದ್ಧಿಸಿದೆ. ಅದನ್ನು ನೋಡುತ್ತ, ಬಿಡಿಸುತ್ತ ಕೈಯೂ ಕಣ್ಣೂ ಹದವಾಗುತ್ತವೆ. ಆಕಾರವೇ ಮುಖ್ಯವಾದ್ದರಿಂದ ಪ್ಲಾಸ್ಟರ್ ಸಾಕು. ವಿಂಕೆಲ್‌ಮನ್ 1755ರಲ್ಲಿ ಗ್ರೀಕ್ ಕಲೆಯ ಅನುಕರಣೆಯನ್ನು ಕುರಿತ ತನ್ನ ಹೆಸರಾಂತ ಪ್ರಬಂಧ ಬರೆದಾಗ ಇನ್ನೂ ಇಟಲಿಯನ್ನೇ ನೋಡಿರಲಿಲ್ಲ. ಗ್ರೀಸಿಗೆ ಆತ ಕೊನೆಯವರೆಗೂ ಹೋಗಲಿಲ್ಲ. 1769ರಲ್ಲಿ ಮ್ಯಾನ್‌ಹೈಮಿನ ಪಡಿಯಚ್ಚುಗಳ ಕೋಣೆಯಲ್ಲಿ ನಿಂತ ಯುವಕ ಗೊಯಥೆಗೆ ಪ್ರಾಚೀನ ಕಲೆಯ ಮೊದಲ ದೊಡ್ಡ ದರ್ಶನವಾಯಿತು.

ಈ ನಿಲುವು ಒಂದು ಸತ್ಯವನ್ನು ಚೆನ್ನಾಗಿ ವಿವರಿಸುತ್ತದೆ: ಎರಡು ಶತಮಾನಗಳ ಕಾಲ ಯುರೋಪು ‘ಗ್ರೀಸ್’ ಎಂದು ಪ್ರೀತಿಸಿದ್ದನ್ನು ಬಹುಪಾಲು ಪ್ಲಾಸ್ಟರಿನ ಮೂಲಕವೇ ಪ್ರೀತಿಸಿತು. ಆದರೆ ಇದರ ಮಿತಿಯೂ ಸ್ಪಷ್ಟ. ಆಯ್ದ ಕೆಲವೇ ಕೃತಿಗಳು ಎಲ್ಲೆಡೆ ಮರುಕಳಿಸಿದವು. ಅಪೊಲೊ, ವೀನಸ್, ಲಾವೊಕೂನ್ ಎಲ್ಲರ ಬಾಯಲ್ಲಿದ್ದಾಗ ಸಾಮಾನ್ಯ ಅಥೆನ್ಸಿಗನ ಸಮಾಧಿಫಲಕವನ್ನು ಕೇಳುವವರಿರಲಿಲ್ಲ.

ಎರಡನೆಯ ನಿಲುವು: ಪಡಿಯಚ್ಚಿನ ಕೋಣೆಯೇ ಪ್ರಯೋಗಶಾಲೆ

ಹತ್ತೊಂಬತ್ತನೆಯ ಶತಮಾನದ ವಿಶ್ವವಿದ್ಯಾಲಯ ಪಡಿಯಚ್ಚನ್ನು ಆದರ್ಶದ ಪೀಠದಿಂದ ಇಳಿಸಿ ಮೇಜಿನ ಮೇಲಿಟ್ಟಿತು. ಇಲ್ಲಿ ಪ್ರಶ್ನೆ ಚೆಲುವಿನದಲ್ಲ, ಹೋಲಿಕೆಯದು. ಐದು ದೇಶಗಳಲ್ಲಿ ಚದುರಿದ ಐದು ಶಿಲ್ಪಗಳನ್ನು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ನಿಲ್ಲಿಸುವುದು ಪ್ಲಾಸ್ಟರಿನಲ್ಲಿ ಮಾತ್ರ ಸಾಧ್ಯ. ಅಡಾಲ್ಫ್ ಫುರ್ಟ್‌ವೆಂಗ್ಲರ್ 1890ರ ದಶಕದ ಆರಂಭದಲ್ಲಿ ಡ್ರೆಸ್ಡೆನ್ನಿನ ಒಂದು ಅಥೀನಾ ವಿಗ್ರಹದ ಮುಂಡಕ್ಕೆ ಇಟಲಿಯ ಬೊಲೋನ್ಯಾದಲ್ಲಿದ್ದ ತಲೆಯ ಪಡಿಯಚ್ಚನ್ನು ಕೂಡಿಸಿ, ಫಿಡಿಯಾಸನ ಕಳೆದುಹೋದ ಲೆಮ್ನಿಯಾ ಅಥೀನಾ ಇದೇ ಎಂದು ಸಾರಿದರು. ಆ ಗುರುತು ಸರಿಯೋ ತಪ್ಪೋ ಎಂಬ ವಾದ ಇನ್ನೂ ನಡೆದಿದೆ. ವಿಧಾನ ಮಾತ್ರ ನೆಲೆ ನಿಂತಿತು.

ಉಬ್ಬುಶಿಲ್ಪದಲ್ಲಿ ಈ ವಿಧಾನ ಕೊಟ್ಟ ಫಲ ಇನ್ನೂ ಹೆಚ್ಚು. ಪಾರ್ಥೆನಾನಿನ ಹೊರಮೈಯಲ್ಲಿದ್ದ 92 ಚೌಕ ಫಲಕಗಳಲ್ಲಿ, ದಕ್ಷಿಣದ ನಾಲ್ಕನೆಯದರ ಮುಂಡಗಳು ಲಂಡನ್ನಿನಲ್ಲಿವೆ, ತಲೆಗಳೆರಡು 1688ರಲ್ಲಿ ಡೆನ್ಮಾರ್ಕ್ ಸೇರಿ ಕೋಪನ್‌ಹೇಗನ್ನಿನಲ್ಲಿವೆ. ಅವು ಒಂದಾಗುವುದು ಪಡಿಯಚ್ಚಿನಲ್ಲಿ. ಒಲಿಂಪಿಯಾದ ಸ್ಯೂಸ್ ದೇವಾಲಯದಲ್ಲಿ ಹೆರಾಕ್ಲೀಸನ ಸಾಹಸಗಳ 12 ಫಲಕಗಳಿದ್ದವು. 1829ರಲ್ಲಿ ಫ್ರೆಂಚರು ಸಿಕ್ಕ ಚೂರುಗಳನ್ನು ಪ್ಯಾರಿಸ್ಸಿಗೆ ಒಯ್ದರು. 1875ರಿಂದ ಅಗೆದ ಜರ್ಮನರಿಗೆ ಉಳಿದ ತುಂಡುಗಳು ದೊರೆತವು. ಕೊಳದ ಹಕ್ಕಿಗಳ ಫಲಕದಲ್ಲಿ ಬಂಡೆಯ ಮೇಲೆ ಕೂತ ಅಥೀನಾ ಲೂವ್ರ್‌ನಲ್ಲಿದ್ದಾಳೆ, ಅವಳತ್ತ ಕೈ ಚಾಚಿದ ಹೆರಾಕ್ಲೀಸ್ ಒಲಿಂಪಿಯಾದಲ್ಲಿದ್ದಾನೆ. ಪ್ಲಾಸ್ಟರ್ ಇಲ್ಲದಿದ್ದರೆ ಆ ಕೈ ಯಾರ ಕಡೆಗೆ ಚಾಚಿತ್ತೆಂದು ಕಣ್ಣಾರೆ ಕಾಣುವಂತಿಲ್ಲ. ಒಲಿಂಪಿಯಾದ ವಿಷಯದಲ್ಲಿ ಇನ್ನೊಂದು ಮಾತೂ ಮುಖ್ಯ. 1874ರಲ್ಲಿ ಗ್ರೀಸ್ ಮತ್ತು ಜರ್ಮನಿ ಮಾಡಿಕೊಂಡ ಒಪ್ಪಂದದಂತೆ ಸಿಕ್ಕ ಮೂಲಗಳು ಗ್ರೀಸಿನಲ್ಲೇ ಉಳಿದವು. ಜರ್ಮನರಿಗೆ ದೊರೆತದ್ದು ಅಚ್ಚು ತೆಗೆಯುವ ಹಕ್ಕು. ಮೂಲವನ್ನು ಒಯ್ಯದೆ ಜ್ಞಾನವನ್ನು ಒಯ್ಯಬಹುದು ಎಂದು ಎರಡು ಸರ್ಕಾರಗಳು ಲಿಖಿತವಾಗಿ ಒಪ್ಪಿದ ದೊಡ್ಡ ನಿದರ್ಶನವಿದು.

ಪೆಲೊಪೊನೀಸ್‌ನ ಬಾಸೈ ದೇವಾಲಯದ ಪಟ್ಟಿಕೆ ಇನ್ನೊಂದು ಉದಾಹರಣೆ. 1811–12ರಲ್ಲಿ ಹೊರತೆಗೆದ ಅದರ 23 ಫಲಕಗಳು ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಹನ್ನೆರಡರಲ್ಲಿ ಗ್ರೀಕರಿಗೂ ಅಮೆಜಾನ್ ಹೆಣ್ಣುಗಳಿಗೂ ಕಾಳಗ, ಹನ್ನೊಂದರಲ್ಲಿ ಕುದುರೆಮೈಯ ಸೆಂಟಾರರೊಡನೆ ಕಾಳಗ. ಆದರೆ ಗೋಡೆಯ ಮೇಲೆ ಯಾವ ಫಲಕದ ಪಕ್ಕ ಯಾವುದಿತ್ತು? ವಿದ್ವಾಂಸರು ಬೇರೆ ಬೇರೆ ಅನುಕ್ರಮಗಳನ್ನು ಸೂಚಿಸಿದ್ದಾರೆ. ಟನ್ನುಗಟ್ಟಲೆ ಕಲ್ಲನ್ನು ಪ್ರತಿ ಊಹೆಗೂ ಸರಿಸಿ ನೋಡಲಾಗದು, ಪಡಿಯಚ್ಚನ್ನು ಸರಿಸಬಹುದು.

ಈ ನಿಲುವಿನ ಬಲ ಅದರ ಪ್ರಾಮಾಣಿಕತೆಯಲ್ಲಿದೆ. ಪ್ಲಾಸ್ಟರ್ ಮೂಲವೆಂದು ಅದು ಹೇಳಿಕೊಳ್ಳುವುದಿಲ್ಲ. ದೌರ್ಬಲ್ಯವೂ ಅಲ್ಲೇ ಇದೆ. ಆಕಾರವನ್ನಷ್ಟೇ ಹೋಲಿಸಿ ಶಿಲ್ಪಿಯನ್ನು ಗುರುತಿಸುವ ಅಭ್ಯಾಸ ಕಲ್ಲಿನ ಗಣಿ, ಉಳಿಯ ಗುರುತು, ಬಣ್ಣದ ಕಣ, ಸವೆತ ಇವನ್ನೆಲ್ಲ ಬದಿಗಿಟ್ಟುಬಿಡುತ್ತದೆ.

ಮೂರನೆಯ ನಿಲುವು: ಮೂಲಕ್ಕೆ ಬದಲಿಲ್ಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಾಳಿ ತಿರುಗಿತು. 1876ರಲ್ಲಿ ತೆರೆದಿದ್ದ ಬೋಸ್ಟನ್ ಮ್ಯೂಸಿಯಂ ಹೊಸ ಕಟ್ಟಡಕ್ಕೆ ಹೋಗುವಾಗ ಪಡಿಯಚ್ಚುಗಳಿಗೆ ಜಾಗವಿರಬೇಕೇ ಎಂಬ ಜಗಳ ಎದ್ದಿತು. ನಿರ್ದೇಶಕ ಎಡ್ವರ್ಡ್ ರಾಬಿನ್‌ಸನ್ ಇರಬೇಕೆಂದರು; ಮ್ಯಾಥ್ಯೂ ಪ್ರಿಚರ್ಡ್ ಮತ್ತು ಅವರ ಬೆಂಬಲಿಗರು ಮ್ಯೂಸಿಯಂ ಇರುವುದು ಮೂಲಕೃತಿಯ ಅನುಭವಕ್ಕೆ, ಪಾಠಕ್ಕಲ್ಲ ಎಂದರು. ರಾಬಿನ್‌ಸನ್ 1905ರಲ್ಲಿ ರಾಜೀನಾಮೆ ಕೊಟ್ಟು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದರು. ಅಲ್ಲಿಯೂ ಕಾಲ ಕಳೆದಂತೆ ಪಡಿಯಚ್ಚುಗಳು ಉಗ್ರಾಣಕ್ಕೆ ಹೋದವು. ಉಳಿದವುಗಳಲ್ಲಿ ಅನೇಕವು 2006ರಲ್ಲಿ ಹರಾಜಾದವು. ವಾಲ್ಟರ್ ಬೆಂಜಮಿನ್ 1930ರ ದಶಕದ ಮಧ್ಯದಲ್ಲಿ ಬರೆದ ಪ್ರಬಂಧ ಈ ಮನೋಭಾವಕ್ಕೆ ತಾತ್ತ್ವಿಕ ನೆಲೆ ಕೊಟ್ಟಿತು: ಒಂದು ಕೃತಿ ಒಂದೆಡೆ, ಒಂದು ಕಾಲದಲ್ಲಿ ಬಾಳಿದ ಬಾಳು ಯಾಂತ್ರಿಕ ಪ್ರತಿಗೆ ದಕ್ಕದು. ಬೆಂಜಮಿನ್ ಅವರಿಗೆ ಈ ನಷ್ಟದಲ್ಲಿ ಬಿಡುಗಡೆಯ ಸಾಧ್ಯತೆಯೂ ಕಂಡಿತ್ತು ಎಂಬುದನ್ನು ಪಡಿಯಚ್ಚಿನ ವಿರೋಧಿಗಳು ಹೆಚ್ಚಾಗಿ ಮರೆತರು.

ನಷ್ಟ ಸಣ್ಣದಲ್ಲ. ಮ್ಯೂನಿಕ್‌ನ ಸಂಗ್ರಹವನ್ನು ಎರಡನೆಯ ಮಹಾಯುದ್ಧ ಬಹುತೇಕ ನಾಶ ಮಾಡಿತು; 1970ರ ದಶಕದಿಂದ ಪಾಲ್ ಟ್ಸಾಂಕರ್ ಅದನ್ನು ಹೊಸದಾಗಿ ಕಟ್ಟಬೇಕಾಯಿತು. 1968ರ ವಿದ್ಯಾರ್ಥಿ ದಂಗೆಯಲ್ಲಿ ಪ್ಯಾರಿಸ್ಸಿನ ಕಲಾಶಾಲೆಯ ಪಡಿಯಚ್ಚುಗಳಿಗೆ ಪೆಟ್ಟು ಬಿತ್ತು. ಹಳೆಯ ಅಧಿಕಾರದ ಗುರುತಾಗಿ ಅವು ಕಂಡಿದ್ದವು. ಕಾರ್ನೆಲ್ಲಿನ ಸಂಗ್ರಹ ಚದುರಿತು.

ಈ ನಿಲುವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕ್ರಿ.ಪೂ. ಐದನೆಯ ಶತಮಾನದ ಕೊನೆಯ ಹೆಗೆಸೊ ಸಮಾಧಿಫಲಕದಲ್ಲಿ ಕುಳಿತ ಹೆಂಗಸು ಪೆಟ್ಟಿಗೆಯಿಂದ ಒಡವೆಯನ್ನು ಎತ್ತಿ ಹಿಡಿದಿದ್ದಾಳೆ. ಕಲ್ಲಿನಲ್ಲಿ ಒಡವೆಯಿಲ್ಲ, ಅದನ್ನು ಬಣ್ಣದಲ್ಲಿ ತೋರಿಸಿದ್ದರು, ಬಣ್ಣ ಹೋಯಿತು. ಬೆರಳುಗಳು ಹಿಡಿದ ಆ ಶೂನ್ಯವನ್ನು ಮೂಲದ ಮುಂದೆ ನಿಂತು ನೋಡಿದಾಗ ಕಾಲ ಏನನ್ನು ಒಯ್ದಿದೆ ಎಂದು ಕಲ್ಲಿನ ಮೈಯೇ ಹೇಳುತ್ತದೆ. ಪಡಿಯಚ್ಚಿನಲ್ಲಿ ಅದು ಮೊದಲಿನಿಂದಲೂ ಖಾಲಿಯಿತ್ತೋ ಎಂಬಂತೆ ಕಾಣುತ್ತದೆ.

ನಾಲ್ಕನೆಯ ನಿಲುವು: ಕಳೆದುಹೋದದ್ದರ ಸಾಕ್ಷಿ

ಕಳೆದ ನಾಲ್ಕು ದಶಕಗಳಲ್ಲಿ ಬಲಗೊಂಡ ವಾದವಿದು: ಹಳೆಯ ಪಡಿಯಚ್ಚು ಒಂದು ನಿರ್ದಿಷ್ಟ ದಿನದ ಶಿಲ್ಪದ ಸ್ಥಿತಿಯನ್ನು ಹಿಡಿದಿಟ್ಟ ದಾಖಲೆ. ಮೂಲ ಮುಂದೆ ಸವೆದಿದ್ದರೆ, ಪಡಿಯಚ್ಚು ಮೂಲಕ್ಕಿಂತ ಹೆಚ್ಚು ಹೇಳಬಲ್ಲದು. ಶಾಸನದ ಮೇಲೆ ಕಾಗದ ಒತ್ತಿ ಪಡಿಯಚ್ಚು ತೆಗೆದ ನಮ್ಮ ಶಾಸನತಜ್ಞರಿಗೆ ಇದು ಹೊಸ ಮಾತಲ್ಲ. ಬಂಡೆಯ ಅಕ್ಷರ ಅಳಿದ ಮೇಲೆ ಹಳೆಯ ಕಾಗದವೇ ಪಾಠಕ್ಕೆ ಆಧಾರ.

ಪಾರ್ಥೆನಾನಿನ ಪಶ್ಚಿಮ ಪಟ್ಟಿಕೆ ಇದಕ್ಕೆ ಅತ್ಯುತ್ತಮ ನಿದರ್ಶನ. ಫ್ರೆಂಚ್ ಕಲಾವಿದ ಫೋವೆಲ್ 1780ರ ದಶಕದಲ್ಲೇ ಪಟ್ಟಿಕೆಯ ಕೆಲವು ಭಾಗಗಳ ಅಚ್ಚು ತೆಗೆದಿದ್ದ. ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಜಿನ್‌ನ ಮೂಲ ಯೋಜನೆಯೂ ಚಿತ್ರ ಬಿಡಿಸಿ ಅಚ್ಚು ತೆಗೆಯುವುದಷ್ಟೇ ಆಗಿತ್ತು. ಆಮೇಲೆ ಅದು ಕಲ್ಲನ್ನೇ ಕಿತ್ತು ಒಯ್ಯುವವರೆಗೆ ಹೋಯಿತು. 1816ರಲ್ಲಿ ಬ್ರಿಟಿಷ್ ಸಂಸತ್ತು 35,000 ಪೌಂಡಿಗೆ ಅವನ್ನು ಕೊಂಡಿತು. ಪಶ್ಚಿಮದ ಫಲಕಗಳಲ್ಲಿ ಹೆಚ್ಚಿನವು ಮಾತ್ರ ದೇವಾಲಯದಲ್ಲೇ ಉಳಿದವು. ಅವುಗಳ ಅಚ್ಚನ್ನು ಎಲ್ಜಿನ್‌ನ ಕೆಲಸಗಾರರು 1802ರಲ್ಲಿ ತೆಗೆದರು. 1872ರಲ್ಲಿ ಬ್ರಿಟಿಷ್ ಕಾನ್ಸಲ್ ಚಾರ್ಲ್ಸ್ ಮೆರ್ಲಿನ್ ಮತ್ತೊಮ್ಮೆ ತೆಗೆಸಿದರು. ಆ ಕಲ್ಲುಗಳು 1993ರವರೆಗೂ ಬಯಲಲ್ಲೇ ಇದ್ದು ಮಳೆ, ನಗರದ ಹೊಗೆ, ಮನುಷ್ಯರ ಕೈಪೆಟ್ಟು ಎಲ್ಲವನ್ನೂ ತಿಂದವು. ಬ್ರಿಟಿಷ್ ಮ್ಯೂಸಿಯಂನ ಇಯಾನ್ ಜೆಂಕಿನ್ಸ್ ಈ ಹಳೆಯ ಪಡಿಯಚ್ಚುಗಳ ದಾಖಲೆಮೌಲ್ಯವನ್ನು ಎತ್ತಿ ತೋರಿಸಿದರು. ಈಚೆಗೆ ಎಮ್ಮಾ ಪೇನ್ ಎರಡೂ ಕಾಲದ ಪಡಿಯಚ್ಚುಗಳನ್ನೂ ಮೂಲವನ್ನೂ ತ್ರಿಆಯಾಮದ ಸ್ಕ್ಯಾನಿನಲ್ಲಿ ಹೋಲಿಸಿದರು. ಪಡಿಯಚ್ಚುಗಳು ಬಹುಮಟ್ಟಿಗೆ ನಂಬುವಂಥವು ಎಂದು ಕಂಡಿತು. 1802ಕ್ಕೂ 1872ಕ್ಕೂ ನಡುವೆ ಕಲ್ಲಿಗೆ ಆದ ಹಾನಿ ಅಳತೆಗೆ ಸಿಕ್ಕಿತು. ಜೊತೆಗೆ ಎಚ್ಚರಿಕೆಯೂ ದೊರೆಯಿತು: ಒಡೆದ ಮುಖಗಳನ್ನು ಎಲ್ಜಿನ್‌ನ ಅಚ್ಚುಗಾರರು ಕೆಲವೆಡೆ ತಾವೇ ತಿದ್ದಿ ತುಂಬಿದ್ದರು. ಸಾಕ್ಷಿ ನಂಬಲರ್ಹ, ಆದರೆ ಪಾಟೀಸವಾಲು ಬೇಕು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಎಲ್ಯೂಸಿಸ್ ಫಲಕ ಈ ಇಡೀ ಸಮಸ್ಯೆಯನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುತ್ತದೆ. ಡಿಮೀಟರ್, ಪರ್ಸೆಫೋನ್, ನಡುವೆ ಹುಡುಗನಿರುವ ಗ್ರೀಕ್ ಮೂಲ ಅಥೆನ್ಸಿನಲ್ಲಿದೆ. ಆಗಸ್ಟಸ್‌ನ ಕಾಲದ ರೋಮನ್ ಪ್ರತಿಯ ಹತ್ತು ಚೂರುಗಳು ನ್ಯೂಯಾರ್ಕಿನಲ್ಲಿವೆ. ಆ ಚೂರುಗಳನ್ನು ಕೂರಿಸಿರುವುದು ಅಥೆನ್ಸಿನ ಮೂಲದಿಂದ ತೆಗೆದ ಪ್ಲಾಸ್ಟರ್ ಪಡಿಯಚ್ಚಿನಲ್ಲಿ. ಗ್ರೀಕ್ ಆಕಾರ, ರೋಮನ್ ಕಲ್ಲು, ಆಧುನಿಕ ಪ್ಲಾಸ್ಟರ್ ಮೂರೂ ಸೇರಿದಾಗ ಮಾತ್ರ ಆ ದೃಶ್ಯ ಪೂರ್ಣ.

ಐದನೆಯ ನಿಲುವು: ಬಿಳುಪನ್ನು ಪ್ರಶ್ನಿಸುವವರು

ಗ್ರೀಕ್ ಉಬ್ಬುಶಿಲ್ಪ ಬಿಳಿಯಾಗಿರಲಿಲ್ಲ. ಹಿನ್ನೆಲೆಗೆ ನೀಲಿ ಅಥವಾ ಕೆಂಪು, ಬಟ್ಟೆಗೆ ಬಣ್ಣ, ಕುದುರೆಯ ಕಡಿವಾಣಕ್ಕೆ ಕಂಚು. ಕಂಚನ್ನು ಸಿಕ್ಕಿಸಿದ ತೂತುಗಳು ಪಾರ್ಥೆನಾನ್ ಪಟ್ಟಿಕೆಯಲ್ಲಿ ಇಂದಿಗೂ ಇವೆ. ಶಿಲ್ಪಕ್ಕೆ ಬಣ್ಣವಿತ್ತೆಂದು ಕಾತ್ರಮೇರ್ ದ ಕಾನ್ಸಿ 1815ರಲ್ಲೇ ವಾದಿಸಿದ್ದರು. ಆದರೂ ಕೋಣೆ ತುಂಬ ಬಿಳಿ ಪ್ಲಾಸ್ಟರ್ ನೋಡಿ ಬೆಳೆದ ಪೀಳಿಗೆಗಳಿಗೆ ಬಿಳುಪೇ ಗ್ರೀಸಿನ ಗುಣವೆನಿಸಿತು. ಆ ಬಿಳುಪಿಗೆ ಜನಾಂಗದ ಮೇಲರಿಮೆಯನ್ನು ಅಂಟಿಸಿದವರೂ ಇದ್ದರು, ವಸಾಹತುಗಳ ಕಲಾಶಾಲೆಗಳಲ್ಲಿ ಸ್ಥಳೀಯ ಶಿಲ್ಪವನ್ನು ಅಳೆಯುವ ಕೋಲಾಗಿ ಬಳಸಿದವರೂ ಇದ್ದರು. ಪಡಿಯಚ್ಚು ಮುಗ್ಧ ಸಾಧನವಲ್ಲ, ಯಾವುದನ್ನು ಆರಿಸಿ ಎಲ್ಲಿಗೆ ಕಳಿಸಿದರು ಎಂಬುದರಲ್ಲಿ ಅಧಿಕಾರವಿದೆ ಎಂಬುದು ಈ ವಿಮರ್ಶಕರ ಮುಖ್ಯ ಮಾತು.

ಇನ್ನೂ ನೇರವಾದ ಆರೋಪವೊಂದಿದೆ: ಅಚ್ಚು ತೆಗೆಯುವುದೇ ಮೂಲದ ಬಣ್ಣವನ್ನು ಕಿತ್ತಿತು. 1830ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪಾರ್ಥೆನಾನ್ ಶಿಲ್ಪಗಳಲ್ಲಿ ಬಣ್ಣದ ಕುರುಹು ಹುಡುಕಿದಾಗ ವಿಜ್ಞಾನಿ ಮೈಕೆಲ್ ಫ್ಯಾರಡೆ ಅವರ ನೆರವು ಕೇಳಿದ್ದರು. ಅಚ್ಚು ತೆಗೆದ ಬಳಿಕ ಮೈ ತೊಳೆದದ್ದೂ ಕುರುಹು ಅಳಿಯಲು ಕಾರಣವಾಗಿರಬಹುದೆಂಬ ಮಾತು ಆಗಲೇ ಬಂತು. ಅಷ್ಟಾದರೂ ಎಲ್ಲವೂ ಹೋಗಿರಲಿಲ್ಲ: 2009ರಲ್ಲಿ ವಿಶೇಷ ಬೆಳಕಿನ ಛಾಯಾಗ್ರಹಣದಿಂದ ‘ಈಜಿಪ್ಟಿನ ನೀಲಿ’ ಬಣ್ಣದ ಕಣಗಳು ಆ ಶಿಲ್ಪಗಳ ಮೇಲೆ ಪತ್ತೆಯಾದವು.

ಆದರೆ ಬಿಳುಪಿನ ಭ್ರಮೆ ಹುಟ್ಟಿಸಿದ ಪ್ಲಾಸ್ಟರೇ ಅದನ್ನು ಒಡೆಯಲೂ ನೆರವಾಯಿತು. ಮೂಲಕ್ಕೆ ಯಾರೂ ಬಣ್ಣ ಬಳಿಯುವಂತಿಲ್ಲ, ಪಡಿಯಚ್ಚಿಗೆ ಬಳಿಯಬಹುದು. ಕೇಂಬ್ರಿಜ್‌ನಲ್ಲಿ 1975ರಲ್ಲಿ ಕ್ರಿ.ಪೂ. 530ರ ಸುಮಾರಿನ ಪೆಪ್ಲಾಸ್ ಕೋರೆ ವಿಗ್ರಹದ ಪಡಿಯಚ್ಚಿಗೆ ಗಾಢ ಬಣ್ಣ ಹಚ್ಚಿ ನಿಲ್ಲಿಸಿದರು. 2003ರಿಂದ ವಿನ್ಸೆನ್ಜ್ ಬ್ರಿಂಕ್‌ಮನ್ ತಂಡದ ಬಣ್ಣದ ಪ್ರತಿರೂಪಗಳು ಮ್ಯೂನಿಕ್‌ನಿಂದ ಹೊರಟು ಜಗತ್ತು ಸುತ್ತಿದವು. ಇಸ್ತಾಂಬುಲ್‌ನಲ್ಲಿರುವ ಅಲೆಕ್ಸಾಂಡರ್ ಶವಪೆಟ್ಟಿಗೆಯ ಉಬ್ಬುಶಿಲ್ಪ ಅವುಗಳಲ್ಲಿ ಒಂದು.

ಮರಳಿಸುವಿಕೆಯ ಪ್ರಶ್ನೆಯಲ್ಲಿ ಪಡಿಯಚ್ಚು

2009ರಲ್ಲಿ ತೆರೆದ ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಂ ಮೇಲಂತಸ್ತಿನಲ್ಲಿ ಪಟ್ಟಿಕೆಯನ್ನು ದೇವಾಲಯದ ಅಳತೆಯಲ್ಲೇ ಜೋಡಿಸಿದೆ. ಅಥೆನ್ಸಿನಲ್ಲಿರುವ ಭಾಗ ಜೇನುಬಣ್ಣದ ಕಲ್ಲು, ಲಂಡನ್ನಿನಲ್ಲಿರುವ ಭಾಗ ಬಿಳಿ ಪ್ಲಾಸ್ಟರ್. ಇಲ್ಲಿ ಪಡಿಯಚ್ಚು ತುಂಬಿದ ಜಾಗವಲ್ಲ, ಕಾಯುತ್ತಿರುವ ಜಾಗ. ಪಡಿಯಚ್ಚನ್ನು ಎದ್ದು ಕಾಣಿಸಿದ್ದು ಉದ್ದೇಶಪೂರ್ವಕ. 2006ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ತನ್ನಲ್ಲಿದ್ದ ಉತ್ತರ ಪಟ್ಟಿಕೆಯ ಚೂರೊಂದನ್ನು ಹಿಂದಿರುಗಿಸಿತು; 2022ರಲ್ಲಿ ಪಲೆರ್ಮೊ, 2023ರಲ್ಲಿ ವ್ಯಾಟಿಕನ್ ತಮ್ಮ ಚೂರುಗಳನ್ನು ಕೊಟ್ಟವು.

ಒಂದು ಪಕ್ಷ ಕೇಳುತ್ತದೆ: ಸ್ಕ್ಯಾನ್ ಮಾಡಿ ಅದೇ ಜಾತಿಯ ಕಲ್ಲಿನಲ್ಲಿ ಯಂತ್ರದಿಂದ ಕಡೆದ ಪ್ರತಿ ಲಂಡನ್ನಿಗೆ ಸಾಲದೇ, ಮೂಲ ಊರಿಗೆ ಬರಬಾರದೇ? ಇನ್ನೊಂದು ಪಕ್ಷ ಅದೇ ಪ್ರಶ್ನೆಯನ್ನು ಅಥೆನ್ಸಿನತ್ತ ತಿರುಗಿಸುತ್ತದೆ. ತಂತ್ರಜ್ಞಾನ ಇಬ್ಬರ ಕೈಗೂ ಒಂದೇ ಅಸ್ತ್ರ ಕೊಡುತ್ತದೆ. ಆದ್ದರಿಂದ ಈ ವಾದ ಪಡಿಯಚ್ಚಿನ ಗುಣಮಟ್ಟದಿಂದ ತೀರುವಂಥದ್ದಲ್ಲ. ಯಾರಿಗೆ ಮೂಲ ಯಾಕೆ ಬೇಕು ಎಂಬ ನ್ಯಾಯದ ಪ್ರಶ್ನೆಯಿಂದ ತೀರಬೇಕು.

ಇತ್ಯರ್ಥವಾಗದೆ ಉಳಿದದ್ದು

ಐದು ನಿಲುವುಗಳೂ ಒಂದೊಂದು ನಿಜವನ್ನು ಹಿಡಿದಿವೆ. ಬಗೆಹರಿಯದೆ ಉಳಿದ ಪ್ರಶ್ನೆಗಳೂ ಸ್ಪಷ್ಟವಾಗಿವೆ.

ಮೊದಲನೆಯದು, ಪಡಿಯಚ್ಚಿನ ವಂಶಾವಳಿ. ಮೂಲದಿಂದ ನೇರ ತೆಗೆದದ್ದೇ, ಪಡಿಯಚ್ಚಿನ ಪಡಿಯಚ್ಚೇ? ಪ್ರತಿ ಸಲದ ಹೊಯ್ತದಲ್ಲೂ ಸೂಕ್ಷ್ಮ ವಿವರ ಮಸಕಾಗುತ್ತದೆ. ಎರಡನೆಯದು, ಶುಚಿ ಮಾಡುವ ಪ್ರಶ್ನೆ. ಅನೇಕ ಪಡಿಯಚ್ಚುಗಳ ಮೇಲೆ ಪದರಪದರವಾಗಿ ಬಣ್ಣ, ಸುಣ್ಣ ಕೂತಿದೆ. ಅದನ್ನು ತೆಗೆದರೆ 1802ರ ಮೇಲ್ಮೈ ಕಾಣಬಹುದು, ಆದರೆ ಪಡಿಯಚ್ಚಿನ ಸ್ವಂತ ಚರಿತ್ರೆ ಅಳಿಸಿಹೋಗುತ್ತದೆ. ಯಾವುದಕ್ಕೆ ಆದ್ಯತೆ? ಮೂರನೆಯದು, ಬಣ್ಣ. ಸಿಕ್ಕ ಕೆಲವೇ ಕಣಗಳಿಂದ ಇಡೀ ಫಲಕಕ್ಕೆ ಬಣ್ಣ ಹಚ್ಚುವಾಗ ಪುರಾವೆ ಎಲ್ಲಿ ಮುಗಿದು ಊಹೆ ಎಲ್ಲಿ ಶುರುವಾಗುತ್ತದೆ ಎಂದು ನೋಡುಗರಿಗೆ ತಿಳಿಸುವುದು ಹೇಗೆ? ನಾಲ್ಕನೆಯದು, ಸ್ಕ್ಯಾನ್ ಇರುವಾಗ ಪ್ಲಾಸ್ಟರ್ ಬೇಕೇ? ಅಂಕಿಗಳ ಕಡತವನ್ನು ಇಪ್ಪತ್ತು ವರ್ಷದ ಮೇಲೆ ಯಾವ ಯಂತ್ರ ಓದುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಪ್ಲಾಸ್ಟರಿನ ಫಲಕವನ್ನು ಇನ್ನೂರು ವರ್ಷದ ಮೇಲೂ ಬರಿಗಣ್ಣಿನಿಂದ ಓದುತ್ತಿದ್ದೇವೆ. ಐದನೆಯದು, ಆಕಾರದ ಒಡೆತನ. ಅಚ್ಚು ಅಥವಾ ಸ್ಕ್ಯಾನ್ ಯಾರದು? ಕಲ್ಲಿದ್ದವರದೇ, ಕಲ್ಲು ಹುಟ್ಟಿದ ನಾಡಿನವರದೇ, ಅಳೆದವರದೇ?

ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು. ಪಡಿಯಚ್ಚಿನ ಬೆಲೆ ನಾವು ಅದಕ್ಕೆ ಹಾಕುವ ಪ್ರಶ್ನೆಯಲ್ಲಿದೆ. ಕಲ್ಲಿನ ಮೈಯನ್ನು ಕೇಳಿದರೆ ಅದಕ್ಕೆ ಉತ್ತರ ಗೊತ್ತಿಲ್ಲ. ಚದುರಿದ್ದನ್ನು ಕೂಡಿಸು ಎಂದರೆ, ಅಳಿದದ್ದನ್ನು ನೆನಪಿಸು ಎಂದರೆ ಅದಕ್ಕಿಂತ ಉತ್ತಮ ಸಾಕ್ಷಿಯಿಲ್ಲ. ಆದರೆ ಯಾವ ವರ್ಷ, ಯಾರ ಕೈಯಿಂದ, ಯಾವ ಅಚ್ಚಿನಿಂದ ಬಂತೆಂಬ ದಾಖಲೆಯಿಲ್ಲದ ಪಡಿಯಚ್ಚು ಮೂಕಸಾಕ್ಷಿ. ಇಂಥ ಸಂಗ್ರಹವಿರುವ ಪ್ರತಿ ವಿಶ್ವವಿದ್ಯಾಲಯ, ಪ್ರತಿ ಕಲಾಶಾಲೆ, ಭಾರತದ ಹಳೆಯ ಕಲಾಶಾಲೆಗಳೂ ಸೇರಿ, ಮೊದಲು ಮಾಡಬೇಕಾದ ಕೆಲಸ ಒಂದೇ: ಒಂದನ್ನೂ ಬಿಸಾಡುವ ಮುನ್ನ, ಒಂದಕ್ಕೂ ಹೊಸ ಬಣ್ಣ ಬಳಿಯುವ ಮುನ್ನ, ಪ್ರತಿಯೊಂದರ ಹಿಂದಿನ ಮುದ್ರೆ, ಖರೀದಿಯ ರಸೀದಿ, ಜೋಡಣೆಯ ಗೆರೆ ಎಲ್ಲವನ್ನೂ ನೋಡಿ ಅದರ ಚರಿತ್ರೆಯನ್ನು ಬರೆದಿಡುವುದು.